ಮಗುವಿಗೆ ಚಿಯರ್‌ಲೀಡಿಂಗ್ ಕ್ಲಾಸ್ ಆರಿಸುವುದು ಹೇಗೆ: ಬೆಳಗಾವಿ ಪಾಲಕರಿಗೆ ಹಂತ ಹಂತದ ಮಾರ್ಗದರ್ಶಿ

ದೀಪಾವಳಿ ರಜೆ ಮುಗಿದರೆ ಸಾಕು, ನಮ್ಮ ಕಡೆ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ತಯಾರಿ ಶುರುವಾಗುತ್ತದೆ. ಅದೇ ಹೊತ್ತಿಗೆ ಶಾಲೆ ಗೇಟಿನ ಮುಂದೆ ಈ ಮಾತು ಕೇಳಿಬರುತ್ತದೆ: "ಮಗಳು ಚಿಯರ್‌ಲೀಡಿಂಗ್ ಕಲೀತೀನಿ ಅಂತಾಳ್ರೀ, ಎಲ್ಲಿ ಹಾಕೋಣ?" ಪೋಮ್ ಪೋಮ್ (ಬಣ್ಣದ ಎಳೆಗಳ ಗೊಂಡೆ) ಹಿಡಿದು ಕುಣಿಯುವುದು, ಲಾಗ ಹಾಕುವುದು, ಒಬ್ಬರನ್ನು ಉಳಿದವರು ಎತ್ತುವುದು, ಇಷ್ಟೂ ಸೇರಿದ ಆಟ ಇದು. ಕೇಳಿದವರಿಗೆಲ್ಲ ನನಗೆ ತಿಳಿದದ್ದನ್ನು ಹೇಳುತ್ತಾ ಬಂದಿದ್ದೇನೆ. ಆದರೂ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಮೊಬೈಲಿನಲ್ಲಿ ಬಂದ ಸ್ಟೇಜ್ ವಿಡಿಯೋ ನೋಡುತ್ತಾರೆ, ಮೂರು ತಿಂಗಳ ಫೀಸು ಕಟ್ಟುತ್ತಾರೆ, ಕ್ಲಾಸ್ ಹೇಗೆ ನಡೆಯುತ್ತದೆ ಅಂತ ಆಮೇಲೆ ನೋಡುತ್ತಾರೆ.

ನಾನೂ ಹಾಗೇ ಮಾಡಿದ್ದೆ. ಮಗಳಿಗೆ ಆಗ ಎಂಟು ವರ್ಷ. ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕ್ಲಾಸ್, ಕೆಳಗೆ ಹೊಳೆಯುವ ಟೈಲ್ಸ್. ಇಬ್ಬರು ಹುಡುಗಿಯರು ಅವಳನ್ನು ಎತ್ತಿದರು, ಎತ್ತಿದ್ದು ಚೆನ್ನಾಗಿಯೇ ಇತ್ತು. ಇಳಿಸುವಾಗ ಒಬ್ಬಳು ಮೊದಲು ಕೈಬಿಟ್ಟಳು. ನನ್ನ ಮಗಳು ಕೈಯನ್ನು ನೇರ ಹಿಂದಕ್ಕೆ ಊರಿ ಬಿದ್ದಳು. ಅಲ್ಲಿದ್ದವರು "ಬರೀ ಉಳುಕಿದೆ" ಅಂತ ಬಾಮ್ ಹಚ್ಚಿ ತಿಕ್ಕಿದರು. ಮರುದಿನ ಎಕ್ಸ್‌ರೇ ತೆಗೆಸಿದಾಗ ಮಣಿಕಟ್ಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತ್ತು. ನಾಲ್ಕು ವಾರ ಪ್ಲಾಸ್ಟರ್.

ಅಂದಿನಿಂದ ನಾನು ಯಾವ ಕ್ಲಾಸಿಗೆ ಹೋದರೂ ಎತ್ತುವುದನ್ನು ನೋಡಲು ಹೋಗುವುದಿಲ್ಲ, ಇಳಿಸುವುದನ್ನು ನೋಡಲು ಹೋಗುತ್ತೇನೆ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಫೀಸಿನ ಮಾತು ಎಂಟನೇ ಹಂತದಲ್ಲಿದೆ. ಅದನ್ನು ಮುಂದಕ್ಕೆ ತರಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಏನಿರಬೇಕು

ಒಂದು ಸಣ್ಣ ನೋಟ್‌ಬುಕ್, ಬಡಿಗೇರರು ಬಳಸುವಂಥ ಅಳತೆ ಟೇಪು, ಮತ್ತು ಎರಡು ವಾರಗಳಲ್ಲಿ ಮೂರ್ನಾಲ್ಕು ಬಿಡುವಿನ ಸಂಜೆ. ಇಷ್ಟೇ. ಟೇಪು ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ. ಮೊದಲೆರಡು ಭೇಟಿಗೆ ಮಗುವನ್ನು ಕರೆದುಕೊಂಡು ಹೋಗಬೇಡಿ. ಬಣ್ಣದ ಪೋಮ್ ಪೋಮ್ ಒಮ್ಮೆ ಕೈಗೆ ಸಿಕ್ಕರೆ ಮಗು ಅಲ್ಲೇ ಸೇರುತ್ತೇನೆ ಅನ್ನುತ್ತದೆ. ಆಮೇಲೆ ನೀವು ಬೇಡ ಅನ್ನುವುದು ಕಷ್ಟ.

## ಹಂತ 1: ಮಗುವಿಗೆ ಬೇಕಾದದ್ದು ಯಾವುದು ಅಂತ ಬಿಡಿಸಿ ನೋಡಿ

ಚಿಯರ್‌ಲೀಡಿಂಗ್ ಅನ್ನುವ ಒಂದು ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು, ಪೋಮ್ ಪೋಮ್ ಹಿಡಿದು ಸಾಲಾಗಿ ಕುಣಿಯುವುದು, ಘೋಷಣೆ ಕೂಗುವುದು. ಎರಡು, ಟಂಬ್ಲಿಂಗ್. ಅಂದರೆ ಲಾಗ ಹಾಕುವುದು, ಕಾರ್ಟ್‌ವೀಲ್ (ಕೈ ಊರಿ ಪಕ್ಕಕ್ಕೆ ಚಕ್ರದ ಹಾಗೆ ತಿರುಗುವುದು), ರೌಂಡ್ ಆಫ್ (ಹಾಗೇ ತಿರುಗಿ ಎರಡೂ ಕಾಲು ಒಟ್ಟಿಗೆ ಊರುವುದು), ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈ ಊರಿ ಮತ್ತೆ ಕಾಲ ಮೇಲೆ ನಿಲ್ಲುವುದು). ಮೂರು, ಸ್ಟಂಟ್. ಅಂದರೆ ಒಬ್ಬರನ್ನು ಇನ್ನಿಬ್ಬರು ಮೂವರು ಸೇರಿ ಮೇಲಕ್ಕೆ ಎತ್ತುವುದು.

ಈ ಮೂರರಲ್ಲಿ ಅಪಾಯ ಒಂದೇ ಥರ ಇರುವುದಿಲ್ಲ. ಕುಣಿತಕ್ಕೆ ಒಳ್ಳೆಯ ಡ್ಯಾನ್ಸ್ ಟೀಚರ್ ಸಾಕು. ಟಂಬ್ಲಿಂಗ್‌ಗೆ ಜಿಮ್ನಾಸ್ಟಿಕ್ಸ್ ಕಲಿತವರೇ ಬೇಕು. ಸ್ಟಂಟ್‌ಗೆ ಅದನ್ನೇ ಬೇರೆಯಾಗಿ ಕಲಿತವರು ಬೇಕು. ನಾನು ನೋಡಿದ ಮಟ್ಟಿಗೆ ನಮ್ಮೂರಲ್ಲಿ ಈ ಹೆಸರಿನ ಬೋರ್ಡ್ ಹಾಕಿಕೊಂಡವು ಹೆಚ್ಚಾಗಿ ಡ್ಯಾನ್ಸ್ ಕ್ಲಾಸ್‌ಗಳೇ. ಅದು ತಪ್ಪಲ್ಲ. ಆದರೆ ಕುಣಿತ ಕಲಿಸುವವರು ಗ್ಯಾದರಿಂಗ್ ಹತ್ತಿರ ಬಂತು ಅಂತ ಒಂದು ವಾರದಲ್ಲಿ ಮಕ್ಕಳನ್ನು ಹೆಗಲ ಮೇಲೆ ನಿಲ್ಲಿಸಲು ಹೊರಟರೆ, ತೊಂದರೆ ಅಲ್ಲಿಂದ ಶುರುವಾಗುತ್ತದೆ.

ಮಗುವಿಗೆ ಒಂದು ವಿಡಿಯೋ ತೋರಿಸಿ ಕೇಳಿ: ಇದರಲ್ಲಿ ನೀನು ಯಾರ ಹಾಗೆ ಆಗಬೇಕು? ಸಾಲಿನಲ್ಲಿ ಕುಣಿಯುವವಳು, ಲಾಗ ಹಾಕುವವಳು, ಮೇಲೆ ನಿಂತವಳು, ಕೆಳಗೆ ಹೊತ್ತವಳು. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕುಣಿತವೊಂದೇ ಬೇಕು ಅಂದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಐದನೇ ಹಂತವನ್ನು ಬಿಟ್ಟು ಓದಬಹುದು. ಗಂಡುಮಕ್ಕಳೂ ಈ ಆಟ ಆಡುತ್ತಾರೆ ಅನ್ನುವುದು ನೆನಪಿರಲಿ. ಮಗ ಕೇಳಿದರೆ ಸುಮ್ನೆ ತಳ್ಳಿಹಾಕಬೇಡಿ.

## ಹಂತ 2: ಮಗುವಿನ ವಯಸ್ಸು, ಮೈಕಟ್ಟು, ಹಳೆಯ ನೋವು

ಐದಾರು ವರ್ಷದ ಮಗುವಿಗೆ ಓಟ, ಜಿಗಿತ, ಉರುಳುವುದು, ಒಂಟಿ ಕಾಲಲ್ಲಿ ನಿಲ್ಲುವುದು ಸಾಕು. ಆ ವಯಸ್ಸಿನ ಮಕ್ಕಳನ್ನು ಹೆಗಲೆತ್ತರಕ್ಕೆ ಎತ್ತುತ್ತೇವೆ ಅನ್ನುವ ಕ್ಲಾಸನ್ನು ಪಟ್ಟಿಯಿಂದ ತೆಗೆದುಹಾಕಿ.

ಸೇರಿಸುವ ಮೊದಲು ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ದಮ್ಮು, ಫಿಟ್ಸ್, ಹೃದಯದ ತೊಂದರೆ, ಹಿಂದೆ ಎಲುಬು ಮುರಿದದ್ದು, ಪದೇ ಪದೇ ಬೆನ್ನುನೋವು, ಇವುಗಳಲ್ಲಿ ಯಾವುದಿದ್ದರೂ ಕ್ಲಾಸಿನವರಿಗೆ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟರೆ ನಷ್ಟ ಮಗುವಿಗೆ.

ವಾರಕ್ಕೆ ಎಷ್ಟು ಹೊತ್ತು? ಮಕ್ಕಳ ಡಾಕ್ಟರುಗಳು ಹೇಳುವ ಸುಲಭ ಲೆಕ್ಕ ಒಂದಿದೆ. ಮಗುವಿಗೆ ಎಷ್ಟು ವರ್ಷವೋ ವಾರದಲ್ಲಿ ಅದಕ್ಕಿಂತ ಜಾಸ್ತಿ ಗಂಟೆ ತರಬೇತಿ ಬೇಡ. ವಾರಕ್ಕೆ ಕನಿಷ್ಠ ಒಂದು ದಿನ, ಆದರೆ ಎರಡು ದಿನ, ಪೂರ್ತಿ ಬಿಡುವು. ಮಗು ಇದರ ಜೊತೆಗೆ ಭರತನಾಟ್ಯ, ಸ್ಕೇಟಿಂಗ್, ಕರಾಟೆಗೂ ಹೋಗುತ್ತಿದ್ದರೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ.

## ಹಂತ 3: ಫೋನಿನಲ್ಲೇ ಅರ್ಧ ಪಟ್ಟಿ ಕಡಿಮೆ ಮಾಡಿ

ಟಿಳಕವಾಡಿ, ಶಹಾಪುರ, ಕ್ಯಾಂಪ್, ಸದಾಶಿವ ನಗರ, ನಿಮಗೆ ಯಾವುದು ಹತ್ತಿರವೋ ಅಲ್ಲಿಂದ ಐದಾರು ಹೆಸರು ಬರೆದುಕೊಳ್ಳಿ. ಡ್ಯಾನ್ಸ್ ಕ್ಲಾಸ್, ಜಿಮ್ನಾಸ್ಟಿಕ್ಸ್ ಕ್ಲಾಸ್, ಶಾಲೆಯೊಳಗಿನ ತಂಡ, ಎಲ್ಲವೂ ಇರಲಿ. ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ.

ಒಂದನೆಯದು: "ನಾವು ಕೂತು ಪೂರ್ತಿ ಕ್ಲಾಸ್ ನೋಡಬಹುದಾ?" ಬೇಡ ಅಂದರೆ ಅಲ್ಲಿಗೆ ಆ ಹೆಸರಿನ ಮೇಲೆ ಗೆರೆ ಎಳೆಯಿರಿ. ಪಾಲಕರಿದ್ದರೆ ಮಕ್ಕಳ ಗಮನ ಹೋಗುತ್ತದೆ ಅಂತ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಸೇರುವ ಮೊದಲು ಒಮ್ಮೆಯೂ ನೋಡಬಾರದು ಅನ್ನುವುದಕ್ಕೆ ಅದು ಕಾರಣವಾಗುವುದಿಲ್ಲ.

ಎರಡನೆಯದು: "ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು?" ಟಂಬ್ಲಿಂಗ್ ಮತ್ತು ಸ್ಟಂಟ್ ಕಲಿಸುವಲ್ಲಿ ಒಬ್ಬರಿಗೆ ಹತ್ತಕ್ಕಿಂತ ಜಾಸ್ತಿ ಮಕ್ಕಳಿದ್ದರೆ ನಾನು ಸೇರಿಸುವುದಿಲ್ಲ. ಎಂಟರೊಳಗೆ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು: "ಹೊಸದಾಗಿ ಬಂದ ಮಗುವಿಗೆ ಮೊದಲ ತಿಂಗಳು ಏನು ಕಲಿಸುತ್ತೀರಿ?" ಬೀಳುವುದು, ಉರುಳುವುದು, ಕೈಕಾಲಿನ ಬಲ, ಬಾಗುವಿಕೆ ಅಂತ ಹೇಳಿದರೆ ಹೆಸರನ್ನು ಇಟ್ಟುಕೊಳ್ಳಿ. "ಮೂರು ತಿಂಗಳಲ್ಲಿ ಬ್ಯಾಕ್ ಫ್ಲಿಪ್ ಗ್ಯಾರಂಟಿ" ಅಂದರೆ ತೆಗೆದುಹಾಕಿ. ಗಾಳಿಯಲ್ಲಿ ತಿರುಗುವ ಲಾಗವನ್ನು ಮಗುವಿನ ಮೈ ಒಪ್ಪಿದಾಗ ಕಲಿಸಬೇಕು, ಕ್ಯಾಲೆಂಡರ್ ನೋಡಿ ಕಲಿಸಲಿಕ್ಕೆ ಆಗುವುದಿಲ್ಲ.

## ಹಂತ 4: ಜಾಗವನ್ನು ಕಾಲಿನಿಂದ, ಕೈಯಿಂದ, ಟೇಪಿನಿಂದ ನೋಡಿ

ಕ್ಲಾಸ್ ಶುರುವಾಗುವ ಹತ್ತು ನಿಮಿಷ ಮೊದಲೇ ಹೋಗಿ. ಚಪ್ಪಲಿ ಬಿಟ್ಟು ನೀವೇ ನೆಲದ ಮೇಲೆ ನಡೆಯಿರಿ.

ನಮ್ಮ ಕಡೆ ಹಾಲ್‌ಗಳ ನೆಲ ಒಂದೋ ಟೈಲ್ಸ್, ಇಲ್ಲಾ ಶಹಾಬಾದ್ ಕಲ್ಲು, ಇಲ್ಲಾ ಸಿಮೆಂಟು. ಇದರ ಮೇಲೆ ಕುಣಿಯಬಹುದು. ಇದರ ಮೇಲೆ ಲಾಗ ಹಾಕಬಾರದು, ಯಾರನ್ನೂ ಎತ್ತಬಾರದು. ಮೇಲೆ ಮ್ಯಾಟ್ ಹಾಸಿರಲೇಬೇಕು. ಮ್ಯಾಟ್ ಇದೆ ಅಂದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಮುಷ್ಟಿ ಕಟ್ಟಿ ಬೆರಳ ಗೆಣ್ಣಿನಿಂದ ಜೋರಾಗಿ ಒತ್ತಿ. ಕೆಳಗಿನ ಕಲ್ಲು ಗೆಣ್ಣಿಗೆ ತಾಗಿದರೆ ಅದು ಯೋಗಕ್ಕೆ ಸರಿ, ಬೀಳುವುದಕ್ಕೆ ಸಾಲದು. ಮನೆಯಿಂದ ತಂದ ಹತ್ತಿ ಗಾದಿ ಹಾಸಿದ್ದನ್ನೂ ನೋಡಿದ್ದೇನೆ. ಅದು ಜಾರುತ್ತದೆ, ಮಡಚುತ್ತದೆ, ಕಾಲು ಒಳಗೆ ಹೂತು ಪಾದದ ಕೀಲು ತಿರುಚುತ್ತದೆ. ಸ್ಟಂಟ್ ಮಾಡುವವರ ಕಾಲಡಿ ಗಟ್ಟಿಯಾಗಿ ನಿಲ್ಲುವ, ಆದರೆ ಪೆಟ್ಟನ್ನು ಹೀರುವ ಮ್ಯಾಟ್ ಬೇಕು.

ಎರಡು ಮ್ಯಾಟ್‌ಗಳ ನಡುವೆ ಸಂದು ಇದೆಯಾ ನೋಡಿ. ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಒಳ್ಳೆಯ ಕಡೆ ಅಂಚುಗಳನ್ನು ಪಟ್ಟಿಯಿಂದ ಕೂಡಿಸಿರುತ್ತಾರೆ, ಇಲ್ಲವೇ ಕ್ಲಾಸ್ ಶುರುವಾಗುವ ಮೊದಲು ಟೀಚರೇ ಕೈಯಿಂದ ಒತ್ತಿ ಒತ್ತಿ ಸರಿಮಾಡುತ್ತಾರೆ.

ಈಗ ತಲೆ ಎತ್ತಿ ನೋಡಿ. ಇದನ್ನು ಪಾಲಕರು ನೋಡುವುದೇ ಇಲ್ಲ. ಫ್ಯಾನ್! ಲೆಕ್ಕ ಹಾಕೋಣ. ಕೆಳಗೆ ಹೊತ್ತ ಹುಡುಗಿಯರ ಹೆಗಲು ಸುಮಾರು 4 ಅಡಿ. ಮೇಲೆ ನಿಂತ ಮಗು 4 ಅಡಿ. ಕೈ ಎತ್ತಿದರೆ ಇನ್ನೊಂದು ಅಡಿ. ಒಟ್ಟು 9 ಅಡಿ ಆಯಿತು. ಮನೆಯಂಥ ಕಟ್ಟಡದ ಛತ್ತು ಸಾಮಾನ್ಯವಾಗಿ 10 ಅಡಿ, ಫ್ಯಾನಿನ ರೆಕ್ಕೆ ಅದಕ್ಕಿಂತ ಒಂದು, ಒಂದೂವರೆ ಅಡಿ ಕೆಳಗೆ. ಟೇಪು ತಂದದ್ದು ಇದಕ್ಕೇ. ಅಳೆಯಿರಿ. ಸಾಮಾನ್ಯ ಛತ್ತಿನ ಕೋಣೆಯಲ್ಲಿ ಹೆಗಲೆತ್ತರದ ಸ್ಟಂಟ್ ಮಾಡುವ ಕ್ಲಾಸಿಗೆ ಮಗುವನ್ನು ಕಳಿಸಬೇಡಿ. ಎತ್ತರದ ಸಭಾಭವನ, ಶಾಲೆಯ ಒಳಾಂಗಣ ಹಾಲ್ ಇರುವವರನ್ನು ಹುಡುಕಿ.

ಉದ್ದ ಅಗಲದ ಅಂದಾಜಿಗೆ ಒಂದು ಮಾತು. ಸ್ಪರ್ಧೆಯ ಚಿಯರ್ ನೆಲ 54 ಅಡಿ ಉದ್ದ, 42 ಅಡಿ ಅಗಲ ಇರುತ್ತದೆ. ಕಲಿಯುವಾಗ ಅಷ್ಟು ಬೇಕಿಲ್ಲ. ಆದರೆ ಮಗು ಓಡಿಬಂದು ಕಾರ್ಟ್‌ವೀಲ್ ಹಾಕಿ ನಿಂತ ಮೇಲೂ ಗೋಡೆ, ಕಂಬ, ಕನ್ನಡಿ ನಾಲ್ಕು ಹೆಜ್ಜೆ ದೂರ ಇರಬೇಕು. ಡ್ಯಾನ್ಸ್ ಕ್ಲಾಸಿನ ಗೋಡೆ ತುಂಬ ಕನ್ನಡಿ ಇರುತ್ತದಲ್ಲ, ಅದರ ಕಡೆಗೆ ಲಾಗ ಹಾಕಿಸುವುದನ್ನು ಕಂಡರೆ ಎದ್ದು ಬನ್ನಿ.

ಮಳೆಗಾಲದ ವಿಚಾರ ಬೇರೆಯೇ ಇದೆ. ಜೂನ್‌ನಲ್ಲಿ ಮಳೆ ಹಿಡಿದರೆ ಬೆಳಗಾವಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮ್ಯಾಟ್ ಎಲ್ಲಿ ಒಣಗಬೇಕು? ಮೂಗಿಗೆ ಮುಗ್ಗಲು ವಾಸನೆ ಬಂದರೆ ಮ್ಯಾಟನ್ನು ಯಾವಾಗ ಒರೆಸುತ್ತೀರಿ ಅಂತ ಕೇಳಿ. ಒದ್ದೆ ಮ್ಯಾಟ್ ಜಾರುತ್ತದೆ. ಗಜಕರ್ಣದಂಥ ಚರ್ಮದ ಕಾಯಿಲೆಯೂ ಅದರಿಂದ ಹರಡುತ್ತದೆ. ಸಾಧ್ಯವಾದರೆ ಒಂದು ಭೇಟಿಯನ್ನು ಮಳೆ ಬರುವ ದಿನವೇ ಇಟ್ಟುಕೊಳ್ಳಿ.

## ಹಂತ 5: ಇಳಿಸುವುದನ್ನು ನೋಡಿ

ಇಡೀ ಆಯ್ಕೆಯಲ್ಲಿ ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಒಂದು ಕ್ಲಾಸ್ ಪೂರ್ತಿ ಕೂತು ನೋಡಿ.

ಸ್ಟಂಟ್ ಗುಂಪಿನಲ್ಲಿ ಮೂರು ಥರದ ಕೆಲಸ. ಕೆಳಗೆ ಎದುರುಬದುರು ನಿಂತು ಹೊರುವ ಇಬ್ಬರು ಬೇಸ್. ಮೇಲೆ ಹೋಗುವವಳು ಫ್ಲೈಯರ್. ಹಿಂದೆ ನಿಂತು ಫ್ಲೈಯರ್‌ನ ತಲೆ, ಕುತ್ತಿಗೆ, ಬೆನ್ನು ಕಾಯುವವಳು ಬ್ಯಾಕ್ ಸ್ಪಾಟ್. ನೋಡುವವರ ಕಣ್ಣು ಫ್ಲೈಯರ್ ಮೇಲೇ ಹೋಗುತ್ತದೆ. ನೀವು ಬ್ಯಾಕ್ ಸ್ಪಾಟ್ ಮೇಲೆ ಕಣ್ಣಿಡಿ. ಅವಳಿಲ್ಲದೆ ಇಬ್ಬರೇ ಎತ್ತುತ್ತಿದ್ದರೆ ಅಲ್ಲಿಗೆ ಮುಗಿಯಿತು, ಮುಂದೆ ನೋಡಬೇಕಾದ್ದೇ ಇಲ್ಲ. ನನ್ನ ಮಗಳ ಹಿಂದೆ ಅವತ್ತು ಯಾರೂ ಇರಲಿಲ್ಲ.

ಒಳ್ಳೆಯ ಗುಂಪೊಂದನ್ನು ಹತ್ತಿರದಿಂದ ನೋಡಿದ್ದು ಹೇಳುತ್ತೇನೆ. ಬೇಸ್ ಇಬ್ಬರೂ ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು ಕಾದರು. ಒಬ್ಬಳೇ ಹುಡುಗಿ ಜೋರಾಗಿ ಎಣಿಸಿದಳು, ಉಳಿದವರು ಬಾಯಿ ಬಿಡಲಿಲ್ಲ. ಕಾಲಿನ ಬಲದಿಂದ ಎತ್ತಿದರು, ಯಾರ ಬೆನ್ನೂ ಬಿಲ್ಲಾಗಲಿಲ್ಲ. ಫ್ಲೈಯರ್ ಮೇಲೆ ಎರಡು ಎಣಿಕೆ ನಿಂತಳು. "ಡೌನ್" ಅಂದ ತಕ್ಷಣ ಬೇಸ್ ಇಬ್ಬರೂ ಅವಳ ಪಾದವನ್ನು ಬಿಡದೆ ಎದೆಮಟ್ಟಕ್ಕೆ ತಂದರು. ಅಲ್ಲಿಂದ ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡರು, ಹಿಂದಿನವಳು ಸೊಂಟ ಹಿಡಿದಳು. ಪುಟ್ಟಿ ಮೊಣಕಾಲು ಬಗ್ಗಿಸಿ ಮುಂಗಾಲಿನ ಮೇಲೆ ಇಳಿದಳು. ಅವಳ ಕಾಲು ನೆಲಕ್ಕೆ ಮುಟ್ಟಿದ ಮೇಲೂ ಹಿಂದಿನವಳ ಎರಡು ಕೈ ಸೊಂಟದ ಮೇಲೇ ಇದ್ದವು. ಒಂದು, ಎರಡು ಅಂತ ಎಣಿಸಿ ಆಮೇಲೆ ಬಿಟ್ಟಳು. ಆ ಎರಡು ಎಣಿಕೆ ನೋಡಿದ ಮೇಲೆ ನನಗೆ ಅಲ್ಲಿ ಬೇರೆ ಏನೂ ಕೇಳಬೇಕು ಅನ್ನಿಸಲಿಲ್ಲ.

ಎತ್ತರಕ್ಕೂ ಒಂದು ಕ್ರಮವಿದೆ. ಮೊದಲು ಎಲ್ಲವೂ ನೆಲದ ಮೇಲೆ. ಆಮೇಲೆ ಬೇಸ್‌ಗಳ ತೊಡೆಯ ಮೇಲೆ ನಿಲ್ಲುವುದು. ಆಮೇಲೆ ಸೊಂಟದ ಮಟ್ಟ. ಆಮೇಲೆ ಹೆಗಲ ಮಟ್ಟ. ತಲೆಯ ಮೇಲಕ್ಕೆ ಕೈ ಚಾಚಿ ಎತ್ತುವುದು ಕೊನೆಗೆ. ಕೆಳಗಿನದು ಹತ್ತಾರು ಸಲ ಅಲುಗಾಡದೆ ಬಂದ ಮೇಲೆ ಮೇಲಿನದು. ಹೊಸ ಮಕ್ಕಳನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಿದ್ದಾರೆ ನೋಡಿ. ಟಂಬ್ಲಿಂಗ್‌ನಲ್ಲೂ ಹಾಗೇ. ಮುಂದಕ್ಕೆ ಉರುಳುವುದು, ಗೋಡೆಗೆ ಆನಿಸಿ ಕೈ ಮೇಲೆ ನಿಲ್ಲುವುದು, ಕಾರ್ಟ್‌ವೀಲ್, ರೌಂಡ್ ಆಫ್, ಹಿಂದಕ್ಕೆ ಬಾಗಿ ಕಮಾನು, ಇವೆಲ್ಲ ಆದ ಮೇಲೇ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್.

ಬೀಳುವುದನ್ನು ಬೇರೆಯಾಗಿ ಕಲಿಸುತ್ತಾರಾ? ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ, ಮೊಣಕಾಲು ಬಾಗಬೇಕು, ಬೆನ್ನು ದುಂಡಗೆ ಉರುಳಬೇಕು, ಕೈ ನೇರ ಹಿಂದೆ ಊರಬಾರದು. ಚಿಕ್ಕ ಮಕ್ಕಳು ಇದನ್ನು ಆಟದ ಹಾಗೆ ಕಲಿಯುತ್ತಾರೆ. ಪ್ರತಿ ಕ್ಲಾಸಿನಲ್ಲೂ ಐದು ನಿಮಿಷ ಇದಕ್ಕೆ ಇಟ್ಟವರನ್ನು ಕಂಡರೆ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ದೊಡ್ಡ ಗುರುತು ಹಾಕಿ.

ಇನ್ನೊಂದು ಮಾತು ನಮ್ಮೂರಿಗೇ ಸೇರಿದ್ದು. ಬೆಳಗಾವಿಯ ಕ್ಲಾಸಿನಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಓಡಾಡುತ್ತವೆ. ಅದು ನಮಗೆ ರೂಢಿ, ಅದರಲ್ಲಿ ಕುಂದೇನಿಲ್ಲ. ಆದರೆ ಮಗು ಮೇಲೆ ನಿಂತಾಗ ಒಬ್ಬರು "ನಿಲ್ಲು" ಅಂದು, ಇನ್ನೊಬ್ಬರು "ಥಾಂಬ್" ಅಂದು, ಮತ್ತೊಬ್ಬರು "ಡೌನ್" ಅಂದರೆ ಅರ್ಧ ಕ್ಷಣ ತಡವಾಗುತ್ತದೆ. ಆ ಅರ್ಧ ಕ್ಷಣದಲ್ಲೇ ಕೈ ಜಾರುವುದು. ಎಣಿಕೆ ಯಾವ ಭಾಷೆಯಲ್ಲಿ, ನಿಲ್ಲಿಸುವ ಪದ ಯಾವುದು ಅಂತ ಕೇಳಿ. ಎಲ್ಲ ಮಕ್ಕಳಿಗೂ ಒಂದೇ ಪದ ಇರಬೇಕು, ಆ ಪದ ಯಾರು ಕೂಗಿದರೂ ಎಲ್ಲರೂ ಇಳಿಸಬೇಕು.

## ಹಂತ 6: ತರಬೇತುದಾರರ ಜೊತೆ ಹದಿನೈದು ನಿಮಿಷ

ಕ್ಲಾಸ್ ಮುಗಿದ ಮೇಲೆ ಮಾತಾಡಿ, ನಡುವೆ ಬೇಡ. ಎಲ್ಲಿ ಕಲಿತಿರಿ ಅಂತ ನೇರವಾಗಿ ಕೇಳಿ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರಿಗಾಗಿ ಡಿಪ್ಲೊಮಾ ನಡೆಸುತ್ತದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಅಂಥ ಓದು ಇದ್ದರೆ ಟಂಬ್ಲಿಂಗ್ ಮಟ್ಟಿಗೆ ನಂಬಬಹುದು. ಚಿಯರ್‌ಲೀಡಿಂಗ್‌ಗೆ ಜಗತ್ತಿನ ಮಟ್ಟದಲ್ಲಿ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್ ಇದೆ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ. ಸ್ಟಂಟ್ ಕಲಿಸುವವರು ಯಾವ ನಿಯಮ ಪುಸ್ತಕ ಅನುಸರಿಸುತ್ತಾರೆ, ಯಾವ ಮಟ್ಟದವರೆಗೆ ಕಲಿಸಲು ತಾವು ಕಲಿತಿದ್ದಾರೆ ಅಂತ ಕೇಳಿ. ಸರ್ಟಿಫಿಕೇಟ್ ತೋರಿಸಿ ಅಂದಾಗ ಮುಖ ಸಿಂಡರಿಸದೆ ತೋರಿಸುವವರು ಇದ್ದಾರೆ. ಅಂಥವರನ್ನೇ ಹುಡುಕಿ.

ಆಮೇಲೆ ಈ ಪ್ರಶ್ನೆ: "ಮಗು ತಲೆಗೆ ಪೆಟ್ಟು ಮಾಡಿಕೊಂಡರೆ ಏನು ಮಾಡುತ್ತೀರಿ?" ಸರಿಯಾದ ಉತ್ತರ ಹೀಗಿರಬೇಕು. ಆ ದಿನ ಆಟ ಬಂದ್. ತಕ್ಷಣ ಪಾಲಕರಿಗೆ ಫೋನ್. ವಾಂತಿ, ಜಾಸ್ತಿಯಾಗುವ ತಲೆನೋವು, ತೂಕಡಿಕೆ, ಗೊಂದಲದ ಮಾತು, ಎಚ್ಚರ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆ. ಡಾಕ್ಟರು ಒಪ್ಪಿದ ಮೇಲೇ ಮತ್ತೆ ಕ್ಲಾಸ್. ಕುತ್ತಿಗೆಗೆ ಪೆಟ್ಟಾಗಿದೆ ಅನ್ನಿಸಿದರೆ ಮಗುವನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಬೇಕು. "ನೀರು ಚಿಮುಕಿಸಿ ಐದು ನಿಮಿಷ ಕೂಡಿಸುತ್ತೇವೆ" ಅನ್ನುವ ಉತ್ತರ ಬಂದರೆ ಅಲ್ಲಿ ಸೇರಿಸಬೇಡಿ.

ಬಿಮ್ಸ್ ಜಿಲ್ಲಾ ಆಸ್ಪತ್ರೆಗೋ ನೆಹರೂ ನಗರದ ಕೆಎಲ್‌ಇ ಆಸ್ಪತ್ರೆಗೋ ಆ ಹಾಲ್‌ನಿಂದ ಸಂಜೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೀವೂ ಯೋಚಿಸಿಟ್ಟುಕೊಳ್ಳಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೆರೆದು ತೋರಿಸಲು ಹೇಳಿ. ಐಸ್, ಬ್ಯಾಂಡೇಜು, ಕೈಗೆ ಕಟ್ಟುವ ಪಟ್ಟಿ ಇರಬೇಕು. ಊದಿಕೊಂಡ ಕೈಯನ್ನು ತಿಕ್ಕಬಾರದು, ಎಳೆಯಬಾರದು, ಉಳುಕು ತೆಗೆಯುವವರ ಹತ್ತಿರ ಒಯ್ಯಬಾರದು. ಅಲುಗಾಡದಂತೆ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಎಕ್ಸ್‌ರೇಗೆ ಒಯ್ಯಬೇಕು.

ಸಣ್ಣದೊಂದು ಗುರುತು ಹೇಳುತ್ತೇನೆ. ಶುರುವಿನಲ್ಲಿ ಟೀಚರ್ ಪ್ರತಿ ಮಗುವಿನ ಕಿವಿ, ಕೈ, ಕಾಲು ನೋಡುತ್ತಾರಾ? ಜುಮುಕಿ, ಬಳೆ, ಗೆಜ್ಜೆ, ಕೊರಳ ಸರ ತೆಗೆಸಬೇಕು. ಕೂದಲು ಕಟ್ಟಿರಬೇಕು, ಉಗುರು ಕತ್ತರಿಸಿರಬೇಕು, ಬಾಯಲ್ಲಿ ಚಾಕೊಲೇಟ್ ಇರಬಾರದು. ಇದನ್ನು ದಿನಾ ನೋಡುವವರು ಉಳಿದದ್ದನ್ನೂ ನೋಡುತ್ತಾರೆ.

## ಹಂತ 7: ಮುಟ್ಟುವುದು, ಬಟ್ಟೆ, ಫೋಟೋ, ತೂಕ

ಈ ಆಟದಲ್ಲಿ ಮುಟ್ಟದೆ ಕಲಿಸಲು ಆಗುವುದಿಲ್ಲ. ಕಾರ್ಟ್‌ವೀಲ್ ಕಲಿಸುವವರು ಸೊಂಟ ಹಿಡಿಯಲೇಬೇಕು, ಹಿಡಿಯದಿದ್ದರೆ ಮಗು ಬೀಳುತ್ತದೆ. ಆದ್ದರಿಂದಲೇ ನಿಯಮ ಗಟ್ಟಿಯಾಗಿರಬೇಕು. ಎಲ್ಲಿ ಹಿಡಿಯುತ್ತೇನೆ ಅಂತ ಟೀಚರ್ ಮೊದಲೇ ಮಗುವಿಗೆ ಹೇಳಬೇಕು. ಎಲ್ಲರೆದುರೇ ಕಲಿಸಬೇಕು. ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕಲಿಸುವುದು ಬೇಡ. ಹೆಣ್ಣುಮಕ್ಕಳ ಕ್ಲಾಸಿನಲ್ಲಿ ಒಬ್ಬ ಹೆಣ್ಣುಮಗಳು ಸದಾ ಇರಬೇಕು. ಬಟ್ಟೆ ಬದಲಾಯಿಸುವ ಕೋಣೆಗೆ ಒಳಗಿನಿಂದ ಚಿಲಕವಿರಬೇಕು, ಅಲ್ಲಿ ಮೊಬೈಲ್ ಒಯ್ಯುವಂತಿಲ್ಲ.

ಮಗುವಿಗೆ ಮನೆಯಲ್ಲೇ ಹೇಳಿಕೊಡಿ: ಹಿಡಿತ ಸರಿ ಅನ್ನಿಸದಿದ್ದರೆ ಯಾರಾದರೂ ಸರಿ, ಜೋರಾಗಿ ಬೇಡ ಅನ್ನು, ಬಂದು ನನಗೆ ಹೇಳು. ಮಗು ಹೇಳಿದ ಮೇಲೆ ಮಾನ ಮರ್ಯಾದೆ ಅಂತ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಕ್ಲಾಸ್ ನಡೆಸುವವರೂ ಸೇರಿ.

ಮಕ್ಕಳ ವಿಡಿಯೋ ಇಂಟರ್ನೆಟ್ಟಿಗೆ ಹಾಕುವ ಮೊದಲು ನಿಮ್ಮ ಒಪ್ಪಿಗೆ ಕೇಳುತ್ತಾರಾ ಅಂತ ತಿಳಿದುಕೊಳ್ಳಿ. ಬೇಡ ಅಂದರೆ ಅವರು ಅದನ್ನು ಒಪ್ಪಬೇಕು.

ಇನ್ನು ತೂಕ. "ಫ್ಲೈಯರ್ ಆಗಬೇಕಾದರೆ ಸಣ್ಣ ಆಗು, ರಾತ್ರಿ ಊಟ ಬಿಡು" ಅಂತ ಬೆಳೆಯುವ ಮಗುವಿಗೆ ಹೇಳುವವರಿದ್ದಾರೆ. ಇದು ನನಗೆ ತುಂಬಾ ಸಂಕಟ ಕೊಡುವ ಮಾತು. ಹತ್ತು, ಹನ್ನೆರಡು ವರ್ಷದ ಹುಡುಗಿಯ ಎಲುಬು ಬಲಿಯುವ ಕಾಲ ಅದು. ಹೊಟ್ಟೆ ತುಂಬ ರೊಟ್ಟಿ, ಕಾಳು ಪಲ್ಯ, ಹಾಲು, ಮೊಸರು ಬೇಕು. ಎಲ್ಲ ಮಕ್ಕಳೆದುರು ತೂಕದ ಮಾತೆತ್ತುವ ಟೀಚರ್ ಎಷ್ಟೇ ಮೆಡಲ್ ತಂದಿರಲಿ, ನಮಗೆ ಬೇಡ.

## ಹಂತ 8: ಈಗ ಹಣದ ಮಾತು

ತಿಂಗಳ ಫೀಸು ಒಂದೇ ಕೇಳಬೇಡಿ. ಡ್ರೆಸ್, ಬೂಟು, ಸ್ಪರ್ಧೆಯ ಪ್ರವೇಶ ಶುಲ್ಕ, ಹೊರ ಊರಿನ ಪ್ರಯಾಣ, ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ. ಹುಬ್ಬಳ್ಳಿ, ಕೊಲ್ಹಾಪುರ ಒಂದು ದಿನದ ಮಾತು. ಬೆಂಗಳೂರು ಅಂದರೆ ಸುಮಾರು 500 ಕಿಲೋಮೀಟರ್, ಅಲ್ಲಿ ಉಳಿಯುವ ಖರ್ಚೂ ಇದೆ. ಒಂದು ತಿಂಗಳದ್ದು ಮಾತ್ರ ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರೂ ಬೇಡ ಅನ್ನಿ. ಮಗು ನಡುವೆ ಬಿಟ್ಟರೆ, ಪೆಟ್ಟಾದರೆ ಹಣದ ಕಥೆ ಏನು ಅಂತಲೂ ರಸೀದಿ ಮೇಲೆ ಬರೆಸಿ. ಸೇರಿದ ಮೊದಲ ತಿಂಗಳೇ "ಇಂಟರ್‌ನ್ಯಾಷನಲ್ ಮೆಡಲ್" ಸ್ಪರ್ಧೆಗೆ ಹಣ ಕೇಳಿದರೆ, ಎಷ್ಟು ತಂಡ ಬರುತ್ತವೆ, ಯಾರು ನಡೆಸುತ್ತಾರೆ ಅಂತ ಕೇಳಿ, ಉತ್ತರ ಬರುವವರೆಗೆ ಕೈ ಬಿಚ್ಚಬೇಡಿ.

## ಹಂತ 9: ಮೊದಲ ತಿಂಗಳು ಮನೆಯಲ್ಲಿ ಏನು ಗಮನಿಸಬೇಕು

ಮಗು ಕ್ಲಾಸಿನಿಂದ ಬಂದ ಮೇಲೆ ಏನು ಕಲಿತೆ ಅಂತ ಕೇಳುವುದಕ್ಕಿಂತ, ಇವತ್ತು ಯಾರು ಬಿದ್ದರು, ಆಗ ಟೀಚರ್ ಏನು ಮಾಡಿದರು ಅಂತ ಕೇಳಿ. ಮಕ್ಕಳು ಇದಕ್ಕೆ ಪೂರ್ತಿ ವಿವರವಾಗಿ ಉತ್ತರ ಕೊಡುತ್ತಾರೆ.

ಮೈಕೈ ನೋವು ಒಂದೆರಡು ದಿನ ಇರುವುದು ಸಹಜ. ಈ ನೋವುಗಳು ಸಹಜ ಅಲ್ಲ: ಒಂದೇ ಜಾಗದಲ್ಲಿ ವಾರಗಟ್ಟಲೆ ಉಳಿಯುವುದು, ರಾತ್ರಿ ನಿದ್ದೆ ಕೆಡಿಸುವುದು, ಕೈ ಊರಿದಾಗ ಮಣಿಕಟ್ಟಿನಲ್ಲಿ ಚುಚ್ಚುವುದು, ಹಿಂದಕ್ಕೆ ಬಾಗಿದಾಗ ಸೊಂಟದ ಹತ್ತಿರ ನೋಯುವುದು. ಬೆಳೆಯುವ ಎಲುಬಿನ ತುದಿ ಇನ್ನೂ ಮೃದು ಇರುತ್ತದೆ, ಮೇಲಿಂದ ಮೇಲೆ ಭಾರ ಬಿದ್ದರೆ ಅಲ್ಲೇ ಪೆಟ್ಟು. ಬೆನ್ನು ಪದೇ ಪದೇ ಹಿಂದಕ್ಕೆ ಬಾಗಿದರೆ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬೀಳಬಹುದು. ಇಂಥ ನೋವು ಕಂಡರೆ ಎಲುಬಿನ ಡಾಕ್ಟರಿಗೆ ತೋರಿಸುವವರೆಗೆ ಕ್ಲಾಸ್ ನಿಲ್ಲಿಸಿ. "ನೋವಿದ್ದರೂ ಮಾಡು" ಅಂತ ಟೀಚರ್ ಹೇಳಿದರು ಅಂತ ಮಗು ಹೇಳಿದರೆ ನಾಳೆಯೇ ಹೋಗಿ ಮಾತಾಡಿ.

ಡಿಸೆಂಬರ್ ಬಂತು ಅಂದರೆ ಇನ್ನೂ ಎಚ್ಚರ ಬೇಕು. ವರ್ಷವಿಡೀ ಚೆನ್ನಾಗಿ ನಡೆದ ಕ್ಲಾಸೂ ಗ್ಯಾದರಿಂಗ್ ಹತ್ತಿರ ಬಂದಾಗ ಅವಸರ ಮಾಡುತ್ತದೆ. ಮ್ಯಾಟ್ ಮೇಲೆ ಕಲಿತದ್ದನ್ನು ಮರದ ಸ್ಟೇಜಿನ ಮೇಲೆ, ಜಾರುವ ಡ್ರೆಸ್‌ನಲ್ಲಿ, ಕಣ್ಣಿಗೆ ಹೊಡೆಯುವ ಲೈಟಿನಲ್ಲಿ ಮಾಡಿಸುತ್ತಾರೆ. ಸ್ಟೇಜ್ ಮೇಲೆ ಮ್ಯಾಟ್ ಹಾಸುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ನಮ್ಮ ಮಗು ಆ ದಿನ ಕುಣಿತದಲ್ಲಿ ಮಾತ್ರ ಇರಲಿ, ಎತ್ತುವುದರಲ್ಲಿ ಬೇಡ ಅಂತ ಹೇಳಿ. ಅದನ್ನು ಹೇಳುವ ಹಕ್ಕು ನಿಮಗಿದೆ. ಮಗುವಿಗೆ ಒಂದು ಸಂಜೆ ಬೇಜಾರಾಗಬಹುದು.

## ಒಳ್ಳೆಯ ಕ್ಲಾಸ್ ಸಿಗದಿದ್ದರೆ

ಬಾಗಲಕೋಟೆ, ವಿಜಯಪುರದ ಗೆಳತಿಯರೂ ಹಳ್ಳಿಗಳಲ್ಲಿರುವವರೂ ಇದನ್ನೇ ಕೇಳುತ್ತಾರೆ: ನಮ್ಮಲ್ಲಿ ಅಂಥ ಕ್ಲಾಸೇ ಇಲ್ಲ, ವಾರಕ್ಕೊಮ್ಮೆ ಬೆಳಗಾವಿಗೆ ಕರೆತರೋಣವಾ? ಬೇಡ. ವಾರಕ್ಕೊಂದು ದಿನ ಬಸ್ಸಿನಲ್ಲಿ ಸುಸ್ತಾಗಿ ಬಂದ ಮಗು ಸ್ಟಂಟ್ ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಅದರ ಬದಲು ನಿಮ್ಮ ಊರಿನಲ್ಲೇ ಒಂದು ವರ್ಷ ಜಿಮ್ನಾಸ್ಟಿಕ್ಸ್ ಇಲ್ಲವೇ ಮಲ್ಲಕಂಬಕ್ಕೆ ಹಾಕಿ. ಕೈಯ ಹಿಡಿತ, ಹೊಟ್ಟೆ ಬೆನ್ನಿನ ಬಲ, ತಲೆಕೆಳಗಾದಾಗಲೂ ಕಳೆಯದ ಧೈರ್ಯ, ಚಿಯರ್‌ಗೆ ಬೇಕಾದ ಬುನಾದಿ ಎಲ್ಲ ಅಲ್ಲಿ ಸಿಗುತ್ತದೆ. ಅಲ್ಲಿಗೂ ನಾಲ್ಕನೇ ಹಂತದಿಂದ ಏಳನೇ ಹಂತದವರೆಗಿನ ಎಲ್ಲವನ್ನೂ ನೋಡಿಯೇ ಸೇರಿಸಿ. ಜೊತೆಗೆ ಶನಿವಾರ ಭಾನುವಾರ ಕುಣಿತದ ಕ್ಲಾಸ್ ಇದ್ದರೆ ಮಗುವಿಗೆ ಪೋಮ್ ಪೋಮ್ ಖುಷಿಯೂ ತಪ್ಪುವುದಿಲ್ಲ.

ನನ್ನ ಮಗಳು ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ವರ್ಷ ಬರೀ ಜಿಮ್ನಾಸ್ಟಿಕ್ಸ್ ಮಾಡಿದಳು. ಈಗ ಮತ್ತೆ ತಂಡದಲ್ಲಿದ್ದಾಳೆ. ಮೇಲೆ ಹೋಗುವ ಆಸೆ ಕಡಿಮೆಯಾಗಿ ಹಿಂದೆ ನಿಲ್ಲುವುದನ್ನು ತಾನೇ ಆರಿಸಿಕೊಂಡಳು. ಹೋದ ವಾರ ಹೋಗಿ ನೋಡಿದೆ. ಎದುರಿನ ಹುಡುಗಿಯ ಕಾಲು ಮ್ಯಾಟಿಗೆ ಮುಟ್ಟಿತ್ತು. ಇವಳ ಕೈ ಇನ್ನೂ ಅವಳ ಸೊಂಟದ ಮೇಲಿತ್ತು, ತುಟಿ ಒಂದು, ಎರಡು ಅಂತ ಎಣಿಸುತ್ತಿತ್ತು.